ಮುಳುಗಿದ ಕಾರಿನ ಬಣ್ಣ

ಮುದ್ದೇಬಿಹಾಳದಲ್ಲಿ ನನ್ನದೊಂದು ಹಲ್ಲಿನ ದವಾಖಾನೆ ಇದೆ. ಕೆಲವು ವರ್ಷಗಳ ಹಿಂದೆ ಒಂದು ಗುರುವಾರ, ಬಸವನ ಬಾಗೇವಾಡಿಯ ಬಸ್ಸಿನ ಕಂಡಕ್ಟರ್ ತಂದುಕೊಟ್ಟ ರಟ್ಟಿನ ಡಬ್ಬಿ ಬಿಚ್ಚಿದೆ. ಹತ್ತಿಯಲ್ಲಿ ಸುತ್ತಿದ ಮೂರು ಹಲ್ಲಿನ ಸೆಟ್ಟುಗಳ ಜೊತೆಗೆ ಇನ್ನೊಂದು ಪುಟ್ಟ ಪೊಟ್ಟಣ ಸಿಕ್ಕಿತು. ಅದರೊಳಗೆ ನೀರಿನ ಗುಳ್ಳೆಯಂಥ ಒಂದು ಗುಮ್ಮಟ. ಅರ್ಧ ಗೋಲಿಯಷ್ಟು ಗಾತ್ರ, ಒಂದು ಗೆರೆಯೂ ಇಲ್ಲದ ಪಾರದರ್ಶಕ ಮೈ, ಉಗುರಿನ ತುದಿಯಷ್ಟು ತೆಳ್ಳನೆಯ ಅಂಚು. ಬೆಳಕಿಗೆ ಹಿಡಿದರೆ ನನ್ನ ಕಿಟಕಿ, ಅದರಾಚೆಯ ಬೇವಿನ ಮರ, ಮರದ ಕೆಳಗಿನ ಸೈಕಲ್ಲುಗಳು ಎಲ್ಲವೂ ಅದರ ಮೈಮೇಲೆ ಬಾಗಿಕೊಂಡು ಕಾಣುತ್ತಿದ್ದವು.

ನಾನು ಈ ಕೆಲಸಕ್ಕೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಆದರೂ ಇದು ಯಾವ ಬಾಯಿಯ ಯಾವ ಮೂಲೆಯಲ್ಲಿ ಕೂರುವ ವಸ್ತು ಎಂದು ತಿಳಿಯಲಿಲ್ಲ. ಕಳಿಸಿದವರಿಗೇ ಫೋನು ಮಾಡಿದೆ.

"ನಿಜಾಮಣ್ಣ, ಇದ್ಯಾರ ಬಾಯಿಗೆ?"

ಆ ಕಡೆಯಿಂದ ಜ್ವರದ ದನಿಯಲ್ಲಿ, "ಅದು ಬಾಯಿಗಲ್ರಿ ಮೇಡಂ, ಕಾರಿಗೆ. ತಪ್ಪಿ ಬಂದೈತಿ. ಮುಂದಿನ ವಾರ ಬಂದು ಒಯ್ತೇನಿ, ಒಂದೀಟು ಜ್ವಾಕಿಯಿಂದ ಇಡ್ರಿ," ಎಂದರು.

ನಿಜಾಮುದ್ದೀನರು ಹಲ್ಲಿನ ಡಾಕ್ಟರರಲ್ಲ, ಹಲ್ಲು ಮಾಡುವವರು. ನಾವು ಹಲ್ಲಿಲ್ಲದ ಬಾಯಿಯ ಅಚ್ಚು ತೆಗೆದುಕೊಡುತ್ತೇವೆ. ಅದರಲ್ಲಿ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಜೋಡಿಸಿ, ಅಕ್ರಿಲಿಕ್ಕಿನಲ್ಲಿ ಬೇಯಿಸಿ, ಹೊಳಪು ಕೊಟ್ಟು ತಂದುಕೊಡುವುದು ಅವರ ಕಸುಬು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ. ಮಿಕ್ಕ ದಿನ ಬಾಗೇವಾಡಿಯ ತಮ್ಮ ಮನೆಯ ಮುಂದಿನ ಕೋಣೆ. ಐವತ್ತರ ಆಸುಪಾಸಿನ ತೆಳ್ಳನೆಯ ಆಳು. ಬೆರಳ ತುದಿಗೆ ಯಾವಾಗಲೂ ಒಸಡಿನ ಗುಲಾಬಿ ಪುಡಿ ಅಂಟಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ತಲೆಯಾನಿಸಿ, ತೊಗರಿ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತ ನೋಡುತ್ತ ಅವರು ನಿದ್ದೆಗೆ ಜಾರುತ್ತಿದ್ದರಂತೆ. ಆ ನಿದ್ದೆಯಲ್ಲಿ ಕಾರುಗಳು ಬರುತ್ತಿದ್ದವಂತೆ. ಸಪ್ಪಳವಿಲ್ಲ, ಧೂಳಿಲ್ಲ. ಎರೆಹೊಲದ ಮೇಲೆ ಒಂದು ಗೇಣು ಎತ್ತರದಲ್ಲಿ, ನೆಲಕ್ಕೆ ತಾಗದ ಹಾಗೆ, ರೆಕ್ಕೆಯ ಕಾರುಗಳು ಬಸ್ಸಿನ ಪಕ್ಕದಲ್ಲೇ ತೇಲುತ್ತಿದ್ದವಂತೆ. ಇದನ್ನೆಲ್ಲ ನನಗೆ ಹೇಳಿದ್ದು ಪರಿಚಯವಾಗಿ ಎಷ್ಟೋ ವರ್ಷಗಳ ಮೇಲೆ, ಅದೂ ಆ ಗುಮ್ಮಟ ತಪ್ಪಿ ನನ್ನ ಕೈಗೆ ಬಂದ ಕಾರಣಕ್ಕೆ.

ಮುಂದಿನ ಗುರುವಾರ ಬಂದವರು ಚೀಲದಿಂದ ಒಂದು ಸೋಪಿನ ಪೆಟ್ಟಿಗೆ ತೆಗೆದರು. ಅದರೊಳಗೆ ನನ್ನ ಅಂಗೈಗಿಂತ ಕೊಂಚ ಉದ್ದದ ಕಾರು. ಮುತ್ತಿನ ಬಣ್ಣ, ಹಿಂದೆ ಮೀನಿನ ಬಾಲದಂಥ ಎರಡು ರೆಕ್ಕೆ, ನಡುವೆ ಡ್ರೈವರನಿಗೊಂದು, ಪಕ್ಕದವರಿಗೊಂದು ಗಾಜಿನ ಗುಮ್ಮಟ ಕೂರುವ ಜಾಗ. ಒಂದು ಗುಮ್ಮಟ ಇತ್ತು, ಇನ್ನೊಂದು ಇರಲಿಲ್ಲ. ನಾನು ಇಟ್ಟುಕೊಂಡಿದ್ದನ್ನು ಚಿಮಟಿಗೆಯಲ್ಲಿ ಹಿಡಿದು ಅವರು ಖಾಲಿ ಜಾಗದಲ್ಲಿ ಕೂರಿಸಿದರು. ಚಿಕ್ಕ ಸದ್ದು ಮಾಡಿ ಕೂತಿತು.

"ಇದು ಲಿಂಕನ್ ಫ್ಯೂಚುರಾ ಅಂತ್ರಿ. ಸಾವಿರದೊಂಬೈನೂರಾ ಐವತ್ತೈದರದ್ದು. ಪುಣೆದವರೊಬ್ರ ಕಡೆ ಮುರಿದಿತ್ತು, ನಾ ತಗೊಂಡೆ."

"ಇಂಥಾ ಕಾರು ಎಲ್ಲಿ ಸಿಗತಾವ?"

"ಎಲ್ಲೂ ಇಲ್ರಿ. ಒಂದ ಮಾಡಿದ್ರು. ಜನಾ ನೋಡ್ಲಿ ಅಂತ. ಮುಂದ ಹಿಂಗ ಇರತಾವ ನೋಡ್ರಿ ಕಾರು, ಅಂತ ತೋರ್ಸಾಕ." ಸ್ವಲ್ಪ ತಡೆದು, "ಹಂಗ ಆಗ್ಲಿಲ್ಲ," ಎಂದರು.

ಅವರು ಕೂಡಿಹಾಕುತ್ತಿದ್ದದ್ದು ಅಂಥವನ್ನೇ. ಬೀದಿಯಲ್ಲಿ ಓಡಿದ ಯಾವ ಕಾರೂ ಅವರಿಗೆ ಬೇಕಿರಲಿಲ್ಲ. ಎಪ್ಪತ್ತು ವರ್ಷಗಳ ಹಿಂದೆ ದೊಡ್ಡ ಕಂಪನಿಗಳು ಮುಂದಿನ ಕಾಲವನ್ನು ಕಲ್ಪಿಸಿಕೊಂಡು ಒಂದೊಂದೇ ಕಾರು ಮಾಡಿದವು. ತಿರುಗುವ ಕಟ್ಟೆಯ ಮೇಲಿಟ್ಟು, ದೀಪ ಹಾಕಿ, ಜನರ ಕಣ್ಣಿಗೆ ತೋರಿಸಿದವು. ಪ್ರದರ್ಶನ ಮುಗಿದ ಮೇಲೆ ಕೆಲವು ಗೋದಾಮು ಸೇರಿದವು, ಕೆಲವನ್ನು ಒಡೆದುಹಾಕಿದರು. ಆ ಕಾರುಗಳ ಪುಟ್ಟ ಮಾದರಿಗಳನ್ನು, ನಲವತ್ತಮೂರರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಹೊರದೇಶಗಳಲ್ಲಿ ಕೆಲವರು ಮಾಡುತ್ತಾರೆ. ಕೂಡಿಹಾಕುವವರೂ ಇದ್ದಾರೆ. ಫೋನಿನಲ್ಲಿ ಅವರದೊಂದು ಗುಂಪು ಇತ್ತು. ಯಾರದ್ದಾದರೂ ಮಾದರಿ ಮುರಿದರೆ ಬಾಗೇವಾಡಿಗೆ ಬರುತ್ತಿತ್ತು. ಕಳೆದುಹೋದ ಗಾಜು, ಕಿತ್ತುಹೋದ ಬಂಪರ್, ಸಾಸಿವೆಯಷ್ಟು ದೀಪ, ಎಲ್ಲವನ್ನೂ ನಿಜಾಮುದ್ದೀನರು ಹಲ್ಲು ಮಾಡುವ ಸಾಮಾನಿನಲ್ಲೇ ಮಾಡಿಕೊಡುತ್ತಿದ್ದರು. ಬದಲಿಗೆ ಅವರು ಕೇಳುತ್ತಿದ್ದದ್ದು ಇನ್ನೊಂದು ಮುರಿದ ಮಾದರಿ.

ಈ ಹುಚ್ಚು ಹತ್ತಿದ್ದು ಸೊಲ್ಲಾಪುರದಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯ ಒಬ್ಬರ ಕೈಕೆಳಗೆ ಹಲ್ಲಿನ ಕೆಲಸ ಕಲಿಯುತ್ತಿದ್ದಾಗ, ಔಷಧದ ಬಾಟಲಿಗೆ ಸುತ್ತಿ ಬಂದ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಎರಡು ಗುಮ್ಮಟದ ಆ ಕಾರು ಇತ್ತಂತೆ. ಹಾಳೆಯನ್ನು ಬಿಡಿಸಿ, ಸುಕ್ಕು ತೀಡಿ, ಮೇಣ ಕಾಯಿಸುವ ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡರು. ಗುರುಗಳು ಏನೆಂದು ಕೇಳಿದರೆ ಹೇಳಲು ಬಂದಿರಲಿಲ್ಲ. ಅಲ್ಲಿರುವಷ್ಟು ದಿನವೂ ಮೇಣ ಕರಗುವಾಗ ಅದನ್ನು ನೋಡುತ್ತ ನಿಲ್ಲುತ್ತಿದ್ದರಂತೆ.

"ಹೋಗ್ಲಿ, ನಿಮಗ ಒಂದು ಖರೆ ಕಾರು ತಗೋಬೇಕು ಅನ್ಸಿಲ್ಲೇನು?" ಎಂದು ಕೇಳಿದೆ.

"ನನಗ ಓಡ್ಸಾಕ ಬರಂಗಿಲ್ರಿ," ಎಂದು ನಕ್ಕರು. "ಓಡೂ ಗಾಡಿ ಬಸ್‌ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಅದಾವ."

ಅವರ ಕೋಣೆಯನ್ನು ನಾನು ಮೊದಲು ನೋಡಿದ್ದು ಆ ವರ್ಷದ ದಸರೆಯ ರಜೆಯಲ್ಲಿ. ಕಿಟಕಿಯ ಕೆಳಗೆ ಕೆಲಸದ ಮೇಜು, ಅದರ ಮೇಲೆ ಸಾಲು ಸಾಲು ಪ್ಲಾಸ್ಟರಿನ ದವಡೆಗಳು. ಎದುರುಗಡೆ ಗಾಜಿನ ಬಾಗಿಲಿನ ಕಪಾಟು. ಅದರಲ್ಲಿ ಇಪ್ಪತ್ತೇಳು ಕಾರುಗಳು. ಒಂದು ಚಕ್ರ ಹಚ್ಚಿದ ವಿಮಾನದ ಹಾಗಿತ್ತು. ಇಟಲಿಯ ಮೂರು ಕಾರುಗಳು ಅಕ್ಕತಂಗಿಯರ ಹಾಗೆ ಒಂದೇ ಸಾಲಿನಲ್ಲಿದ್ದವು. ಅವುಗಳ ಹಿಂದಿನ ರೆಕ್ಕೆಗಳು ಎಲೆಯ ಹಾಗೆ ಒಳಕ್ಕೆ ಸುರುಟಿಕೊಂಡಿದ್ದವು. ಮಧ್ಯಾಹ್ನದ ಬಿಸಿಲು ಕಪಾಟಿನ ಮೇಲೆ ಬಿದ್ದಾಗ ಗೋಡೆಯ ತುಂಬ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು. ಫ್ಯಾನಿನ ಗಾಳಿಗೆ ಕಪಾಟು ಸಣ್ಣಗೆ ಅದುರಿದರೆ ಆ ಚುಕ್ಕೆಗಳೂ ನಡುಗುತ್ತಿದ್ದವು.

ಒಳಗಿನಿಂದ ಅವರ ತಾಯಿ ಸೈದಾಬಿ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತರ ಹತ್ತಿರದ ಜೀವ, ಕಣ್ಣಿನ ನರ ಬತ್ತಿ ನೋಟ ಮಂಜಾಗಿತ್ತು. "ಆಟಿಗಿ ನೋಡಾಕ ಬಂದಿ ಏನವ್ವ?" ಎಂದು ನನ್ನ ಕೈ ಹಿಡಿದು ಕೂರಿಸಿದರು. "ಇಂವ ಸಣ್ಣಾಂವಿದ್ದಾಗ ನಾ ಒಂದೂ ಆಟಿಗಿ ಕೊಡಸ್ಲಿಲ್ಲ. ಅದಕ್ಕ ಈಗ ಹಿಂಗ ಮಾಡ್ತಾನ." ಸೊಸೆ, ನಿಜಾಮುದ್ದೀನರ ಹೆಂಡತಿ ಶಮಾ ಚಹಾ ತಂದಿಟ್ಟು, ನಗುತ್ತ ಒಳಗೆ ಹೋದಳು.

ಆ ದಿನವೇ ನಿಜಾಮುದ್ದೀನರು ನನಗೆ ಒಂದು ಚಿತ್ರ ತೋರಿಸಿದ್ದು. ಗುಂಪಿನಲ್ಲಿ ಯಾರೋ ಹಾಕಿದ್ದ ಕಪ್ಪುಬಿಳುಪಿನ ಫೋಟೊ, ಕಾಗದದ ಮೇಲೆ ತೆಗೆಸಿಟ್ಟುಕೊಂಡಿದ್ದರು. ಉದ್ದನೆಯ, ಶಾಂತವಾದ ಕಾರು. ಮುಂದಿನ ಗಾಜಿನ ಎರಡೂ ಬದಿಗೆ ಇರಬೇಕಾದ ಕಂಬಗಳೇ ಇಲ್ಲ. ಛಾವಣಿ ಹಿಂದಿನಿಂದ ಚಾಚಿಕೊಂಡು, ಹಾರಲು ಹೊರಟ ಹಕ್ಕಿಯ ರೆಕ್ಕೆಯ ಹಾಗೆ ಗಾಳಿಯಲ್ಲಿ ನಿಂತಿತ್ತು.

"ಇದು ಮನಸಿಗೆ ಹತ್ತೈತ್ರಿ. ನಾರ್ಸ್‌ಮನ್ ಅಂತ ಹೆಸರು ಅಷ್ಟ ತಿಳೀತು. ಕೆಳಗ ಭಾಳ ಬರ್ದಾರ. ನನ್ನ ಇಂಗ್ಲಿಷ್ ಅರ್ಧಕ್ಕ ನಿಂದರತೈತಿ. ಒಂದೀಟು ಓದಿ ಹೇಳ್ರಿ."

ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಅಮೆರಿಕದ ಕ್ರೈಸ್ಲರ್ ಕಂಪನಿಗಾಗಿ ಇಟಲಿಯ ಟ್ಯೂರಿನ್ನಿನಲ್ಲಿ ಕೈಯಿಂದ ಬಡಿದು ಮಾಡಿದ ಕಾರು. ಅದಕ್ಕೆ ಹಿಡಿದದ್ದು ಹದಿನೈದು ತಿಂಗಳು. ಸಾವಿರದೊಂಬೈನೂರಾ ಐವತ್ತಾರರ ಜುಲೈಯಲ್ಲಿ ಅದನ್ನು ದೊಡ್ಡ ಹಡಗಿಗೆ ಏರಿಸಿ ಅಮೆರಿಕಕ್ಕೆ ಕಳಿಸಿದರು. ಇನ್ನೇನು ದಡ ಹತ್ತಿರವಾಗುವಷ್ಟರಲ್ಲಿ ಮಂಜಿನಲ್ಲಿ ಇನ್ನೊಂದು ಹಡಗು ಬಂದು ಢಿಕ್ಕಿಯಾಯಿತು. ಹಡಗು ಮುಳುಗಿತು, ಹೊಟ್ಟೆಯೊಳಗಿನ ಕಾರೂ ಮುಳುಗಿತು. ಯಾವ ಪ್ರದರ್ಶನಕ್ಕೂ ಅದು ಬರಲೇ ಇಲ್ಲ. ಮಾಡಿದವರನ್ನು ಬಿಟ್ಟರೆ ಅದನ್ನು ಕಂಡವರು ಬಹಳ ಕಡಿಮೆ.

ತಲೆಯೆತ್ತಿದಾಗ ನಿಜಾಮುದ್ದೀನರು ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದಿದ್ದರು, ಕುಡಿದಿರಲಿಲ್ಲ.

"ಮುಳುಗಿ ಹೋತೇನ್ರಿ?"

"ಹೂಂ."

"ಇನ್ನೂ ನೀರಾಗ ಐತಿ?"

"ಇನ್ನೂ ಅಲ್ಲೇ ಐತಿ."

ಅವರು ಕಿಟಕಿಯ ಕಡೆ ನೋಡಿದರು. ನನಗೆ ಆಗ ಅವರ ಊರಿನ ಸಂಗತಿ ಗೊತ್ತಿರಲಿಲ್ಲ. ಆಮೇಲೆ ಶಮಾ ಹೇಳಿದಳು. ಅವರದು ಹೊಳೆಯ ದಂಡೆಯ ಮಡುಗಡ್ಡಿ ಎಂಬ ಹಳ್ಳಿ. ಆಲಮಟ್ಟಿಯ ಆಣೆಕಟ್ಟೆಯಲ್ಲಿ ನೀರು ನಿಲ್ಲಿಸಿದಾಗ ಹಿನ್ನೀರಿನಲ್ಲಿ ಹೋಯಿತು. ನಿಜಾಮುದ್ದೀನರಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ. ಮನೆಯ ಬಾಗಿಲು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದು, ಬಾಗೇವಾಡಿಯಲ್ಲಿ ಮನೆ ಕಟ್ಟಿದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಊರಿನ ಗೋಡೆಗಳು ಮೇಲೆ ಬರುತ್ತವೆ, ಜನ ನೋಡಿ ಬರುತ್ತಾರೆ. ಸೈದಾಬಿ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಯಾರಾದರೂ ಕರೆದರೆ, "ಮಣ್ಣ ಕೊಟ್ಟ ಮ್ಯಾಗ ತಗದ ನೋಡ್ತಾರೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ. ತಾಯಿ ಹೋಗಲಿಲ್ಲವೆಂದು ಮಗನೂ ಹೋಗಿರಲಿಲ್ಲ.

ನಾರ್ಸ್‌ಮನ್ನಿನ ಮಾದರಿಯನ್ನು ಎಲ್ಲೋ ಯಾರೋ ಒಂದಿಷ್ಟು ಮಾಡಿದ್ದಾರೆಂಬ ಮಾತು ಗುಂಪಿನಲ್ಲಿತ್ತು. ಕೊಡುವವರು ಸಿಗಲಿಲ್ಲ. ನಿಜಾಮುದ್ದೀನರು ತಾವೇ ಮಾಡಲು ಕೂತರು.

ಮೊದಲು ಮೇಣದಲ್ಲಿ ಮೈ ಕೆತ್ತಿದರು. ಸಿಕ್ಕ ನಾಲ್ಕೈದು ಫೋಟೊಗಳಿಂದ ಅಳತೆ ತೆಗೆಯುವುದೇ ಎರಡು ತಿಂಗಳ ಕೆಲಸವಾಯಿತು. ನೆರಳು ನೋಡಿ ಉಬ್ಬು ಎಷ್ಟು, ತಗ್ಗು ಎಷ್ಟು ಎಂದು ಊಹಿಸುತ್ತಿದ್ದರು. ಮುರಿದ ಹಲ್ಲಿನ ಬೇರು ನೋಡಿ ಹಲ್ಲು ಹೇಗಿತ್ತೆಂದು ಹೇಳಬಲ್ಲ ಮನುಷ್ಯನಿಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಛಾವಣಿ. ಮುಂದೆ ಆಧಾರವಿಲ್ಲದೆ ಹಿಂದಿನಿಂದಷ್ಟೇ ನಿಲ್ಲಬೇಕು. ಅಕ್ರಿಲಿಕ್ಕಿನಲ್ಲಿ ತೆಳ್ಳಗೆ ಎಳೆದರೆ ಎರಡು ದಿನಕ್ಕೆ ಬಾಗುತ್ತಿತ್ತು, ದಪ್ಪ ಮಾಡಿದರೆ ಹಕ್ಕಿಯ ರೆಕ್ಕೆ ಹೋಗಿ ಹಂಚಾಗುತ್ತಿತ್ತು. ಪ್ರತಿ ಗುರುವಾರ ಒಂದು ಸೋತ ಛಾವಣಿ ನನ್ನ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಐದು, ಆರು, ಏಳು.

ಎಂಟನೆಯದು ಬಂದ ದಿನ ಅವರ ಮುಖ ನೋಡಿ ನನಗೆ ಕೆಟ್ಟೆನಿಸಿತು. "ನಿಜಾಮಣ್ಣ, ಇದನ್ನ ಹಲ್ಲಿನ ಸೆಟ್ ಅಂತ ತಿಳ್ಕೋರಿ," ಎಂದೆ. "ಒಂದ ಕಡೆ ಅಷ್ಟ ಹಲ್ಲಿದ್ದವರಿಗೆ ನೀವು ಏನ್ ಮಾಡ್ತೀರಿ?"

"ಒಳಗ ಲೋಹದ ತಗಡ ಹಾಕ್ತೇನಿ..." ಎಂದವರು ಅಲ್ಲಿಗೇ ನಿಂತರು. ಇಂಡಿಯ ಯಾರಿಗೋ ಮಾಡಿದ ಸೆಟ್ಟಿನಲ್ಲಿ ಉಳಿದ ಲೋಹದ ಚೂರು ಚೀಲದಲ್ಲೇ ಇತ್ತು. ಅದನ್ನು ತೆಗೆದು, ಬೆಳಕಿಗೆ ಹಿಡಿದು, ಬೆರಳಿನಿಂದ ಬಾಗಿಸಿ ನೋಡುತ್ತ ಕೂತುಬಿಟ್ಟರು. ಅಂಗುಳಿಗೆ ಕೂರಿಸುವ ತಗಡಿನ ಹಾಗೆ ತೆಳ್ಳನೆಯ ಬೆನ್ನೆಲುಬು ಎರಕ ಹುಯ್ದು, ಅದರ ಮೇಲೆ ಛಾವಣಿ ಎಳೆದರು. ಒಂಬತ್ತನೆಯದು ನಿಂತಿತು. ನಿಂತಿತೆಂದು ಹೇಳಲು ಅವರು ಫೋನು ಮಾಡಿದಾಗ ನಾನು ಒಬ್ಬರ ದವಡೆ ಹಲ್ಲು ಕೀಳುತ್ತಿದ್ದೆ. ಹಲ್ಲು ಕಿತ್ತಾದ ಮೇಲೂ ಆ ಕಡೆ ಅವರು ಫೋನು ಇಟ್ಟಿರಲಿಲ್ಲ.

ಆಮೇಲೆ ಬಣ್ಣದ ಪ್ರಶ್ನೆ ಬಂತು. ಫೋಟೊಗಳೆಲ್ಲ ಕಪ್ಪುಬಿಳುಪು. ಕಾರಿನ ಬಣ್ಣ ಕುರಿತು ಗುಂಪಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಹಸಿರು ಎಂದ, ಇನ್ನೊಬ್ಬ ಬೆಳ್ಳಿ ಎಂದ, ಮೂರನೆಯವನು ಎರಡು ಬಣ್ಣ ಎಂದ. ಎಲ್ಲರೂ ಎಲ್ಲೋ ಓದಿದವರೇ, ಯಾರೂ ಕಂಡವರಲ್ಲ. ರೋಗಿಯ ಪಕ್ಕದ ಹಲ್ಲು ನೋಡಿ, ಇದು ಇಷ್ಟು ಹಳದಿ, ಇಷ್ಟು ಬೂದು ಎಂದು ಕರಾರುವಾಕ್ಕಾಗಿ ಹೇಳುವ ನಿಜಾಮುದ್ದೀನರಿಗೆ ಇದೊಂದು ಬಗೆಹರಿಯಲಿಲ್ಲ. ಬಣ್ಣವಿಲ್ಲದ ಕಾರು ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳ ನಡುವೆ ಎಷ್ಟೋ ದಿನ ಹಾಗೇ ಕೂತಿತು.

ಈ ನಡುವೆ ಸೈದಾಬಿಗೆ ಅದರ ಮೇಲೆ ಗಮನ ಹೋಗಿತ್ತು. ಕಣ್ಣಿಗೆ ಸರಿಯಾಗಿ ಕಾಣದ ಕಾರಣ ಅವರು ಕೈಗೆತ್ತಿಕೊಂಡು ಬೆರಳಾಡಿಸುತ್ತಿದ್ದರು. ಮಾರ್ಚಿನ ಒಂದು ಭಾನುವಾರ ನಾನು ಹೋದಾಗ ಅವರ ಮಡಿಲಲ್ಲೇ ಅದು ಇತ್ತು.

"ಡಾಕ್ಟರ್ ಮಗಳ, ಇದರ ಕಥಿ ನೀ ಓದಿ ಹೇಳಿದ್ಯಂತಲ್ಲ. ನನಗೂ ಹೇಳು. ಇಂವ ಹೇಳಿದ್ರ ಅರ್ಧಕ್ಕ ಬಿಡ್ತಾನ."

ನಾನು ಹೇಳಿದೆ. ಅವರು ಮೊದಲು ಕೇಳಿದ್ದು ಕಾರಿನ ಸುದ್ದಿಯಲ್ಲ.

"ಹಡಗನ್ಯಾಗಿನ ಮಂದಿ?"

"ಭಾಳ ಮಂದಿ ಉಳದ್ರವ್ವ. ಬ್ಯಾರೆ ಹಡಗ ಬಂದು ಹತ್ತಿಸ್ಕೊಂಡ್ವು. ಐವತ್ತರ ಹತ್ರ ಮಂದಿ ತೀರಿಕೊಂಡ್ರು."

ಸೈದಾಬಿ ಸ್ವಲ್ಪ ಹೊತ್ತು ತುಟಿಯಲ್ಲೇ ಏನೋ ಹೇಳಿಕೊಂಡರು, ಅವರಿಗಾಗಿ ಇರಬೇಕು. ಆಮೇಲೆ, "ಕಾರು ಹಂಗಾರ ಯಾರೂ ನೋಡೇ ಇಲ್ಲ?" ಎಂದರು.

"ಭಾಳ ವರ್ಷದ ಮ್ಯಾಲೆ ಒಬ್ಬ ಮುಳುಗುಗಾರ ಕೆಳಗ ಹೋಗಿದ್ದನಂತ. ನೋಡೇನಿ ಅಂತ ಹೇಳ್ಯಾನ. ತುಕ್ಕು ಬಿಟ್ರ ಏನೂ ಉಳದಿದ್ದಿಲ್ಲಂತ."

"ಆದ್ರೂ ಹೋದ."

"ಹೋದ."

"ತುಕ್ಕ ಐತಿ ಅಂತ ಗೊತ್ತಿದ್ದೂ ಹೋದ?"

"ಹೌದವ್ವ."

ಸೈದಾಬಿ ಕಾರನ್ನು ತಿರುಗಿಸಿ ತಿರುಗಿಸಿ ಸವರಿದರು. ಛಾವಣಿಯ ಕೆಳಗೆ, ಕಂಬವಿಲ್ಲದ ಜಾಗದಲ್ಲಿ ಅವರ ಹೆಬ್ಬೆರಳು ಹೋಗಿ ಬರುತ್ತಿತ್ತು. ಮಗ ಮೇಜಿನ ಹತ್ತಿರ ಹಲ್ಲಿಗೆ ಹೊಳಪು ಕೊಡುತ್ತಿದ್ದವರು ಯಂತ್ರ ನಿಲ್ಲಿಸಿದ್ದರು.

"ಈ ಸಲ ನೀರ ಇಳಿದ್ರ ನನ್ನ ಊರಿಗಿ ಕರ್ಕೊಂಡು ಹೋಗು," ಎಂದರು ತಾಯಿ.

ಆ ವರ್ಷ ಮೇ ತಿಂಗಳಲ್ಲಿ ನೀರು ಚೆನ್ನಾಗಿ ಇಳಿಯಿತು. ಆ ಕಡೆಗೆ ಬಸ್ಸು ಇಲ್ಲದ್ದರಿಂದ ನನ್ನ ಕಾರಿನಲ್ಲೇ ಹೋದೆವು. ಹಿಂದಿನ ಸೀಟಿನಲ್ಲಿ ಸೈದಾಬಿ, ಶಮಾ ಮತ್ತು ಮಡುಗಡ್ಡಿಯಲ್ಲಿ ಅವರ ಪಕ್ಕದ ಮನೆಯವರಾಗಿದ್ದ ಸಿದ್ದವ್ವ. ಸಿದ್ದವ್ವನ ಬಾಯಲ್ಲಿದ್ದದ್ದು ನಿಜಾಮುದ್ದೀನರೇ ಮಾಡಿದ ಹಲ್ಲಿನ ಸೆಟ್. ಜೋರಾಗಿ ಮಾತಾಡಬೇಕೆನಿಸಿದಾಗ ಅದನ್ನು ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಮುಂದೆ ನನ್ನ ಪಕ್ಕದಲ್ಲಿ ನಿಜಾಮುದ್ದೀನರು. ಅಷ್ಟು ಕಾರುಗಳ ಒಡೆಯ, ಸೀಟಿನ ಬೆಲ್ಟು ಹಾಕಿಕೊಳ್ಳಲು ಬರದೆ ನನ್ನನ್ನು ಕೇಳಿದರು.

ರಸ್ತೆ ಒಂದು ಕಡೆ ಸುಮ್ಮನೆ ಮುಗಿದುಹೋಯಿತು. ಮುಂದೆ ಹಿನ್ನೀರು ಹಿಂದೆ ಸರಿದು ಬಿಟ್ಟುಹೋದ ನೆಲ, ಕಣ್ಣು ಹಾಯುವಷ್ಟು ದೂರ, ಬಿರುಕು ಬಿಟ್ಟು ಮೀನಿನ ಹುರುಪೆಯ ಹಾಗೆ. ನಡುನಡುವೆ ಯಾರೋ ಸವತೆಯ ಬಳ್ಳಿ ಹಬ್ಬಿಸಿದ್ದರು. ದೂರದಲ್ಲಿ ನೀರಿನ ಬಿಳಿ ಗೆರೆ ಬಿಸಿಲಿಗೆ ನಡುಗುತ್ತಿತ್ತು. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ತಿಳಿಯುತ್ತಿರಲಿಲ್ಲ. ಆ ನಡುಕದೊಳಗೆ ಊರು ನಿಂತಿತ್ತು. ಮೊಣಕಾಲೆತ್ತರದ ಗೋಡೆಗಳು, ಒಂದು ಬಾವಿಯ ಕಟ್ಟೆ, ದರ್ಗಾದ ಮೆಟ್ಟಿಲು. ಎಲ್ಲಕ್ಕೂ ಒಂದೇ ಬಣ್ಣ, ಒಣಗಿದ ಕೆಸರಿನದು.

ನಾವೆಲ್ಲ ಸೈದಾಬಿಯ ಕೈ ಹಿಡಿಯಲು ಹೋದೆವು. ಅವರು ಬಿಡಿಸಿಕೊಂಡರು. ಚಪ್ಪಲಿ ತೆಗೆದು ಮಗನ ಕೈಗೆ ಕೊಟ್ಟು, ಬರಿಗಾಲಲ್ಲಿ ನಡೆದರು. ಮಂದಗಣ್ಣಿನ ಆ ಮುದುಕಿ ಓಣಿ ಇದ್ದ ಕಡೆ ಓಣಿಯಲ್ಲೇ ನಡೆದರು, ತಿರುವು ಇದ್ದ ಕಡೆ ತಿರುಗಿದರು. ಬಾವಿಯ ಹತ್ತಿರ ಒಂದು ಕ್ಷಣ ನಿಂತು, ಎಡಕ್ಕೆ ಹತ್ತಿಪ್ಪತ್ತು ಹೆಜ್ಜೆ ಹಾಕಿ, ಕಾಲಿಗೆ ಒಂದು ಹಾಸುಗಲ್ಲು ಸಿಕ್ಕಿದ ಕೂಡಲೇ ಕೂತುಬಿಟ್ಟರು.

"ಇದ ನಮ್ಮ ಹೊಸ್ತಲಾ."

ಯಾರೂ ಅಳಲಿಲ್ಲ. ಸೈದಾಬಿ ಕಲ್ಲಿನ ಮೇಲೆ ಅಂಗೈ ಇಟ್ಟು ಕೂತರು, ಸಿದ್ದವ್ವ ಪಕ್ಕದಲ್ಲಿ ಕಾಲು ಚಾಚಿದಳು. ಇಬ್ಬರೂ ಆ ಜಾಗದಲ್ಲಿ ಹೀಗೆಯೇ ಎಷ್ಟು ಸಂಜೆ ಕೂತಿದ್ದರೋ, ಗಾಳಿಗೆ ಬೆನ್ನು ಕೊಡುವ ಕಡೆಯೂ ಅವರಿಗೆ ಗೊತ್ತಿತ್ತು.

ನಿಜಾಮುದ್ದೀನರು ಗೋಡೆಯ ತುಣುಕನ್ನು ಉಗುರಿನಿಂದ ಕೆರೆಯುತ್ತಿದ್ದರು. "ನೀಲಿ ಎಲ್ಲಾ ಹೋಗಿಬಿಟ್ಟೈತಲ್ಲವ್ವ," ಎಂದರು.

"ಯಾವ ನೀಲಿ?"

"ನಮ್ಮ ಮನಿ ಮುಂದಿನ ಗ್ವಾಡಿ ನೀಲಿ ಇತ್ತಲ್ಲ."

ಸೈದಾಬಿ ಮಗನ ಕಡೆ ಮುಖ ತಿರುಗಿಸಿದರು. "ಎಂದ ಇತ್ತೋ? ಸುಣ್ಣ ಬಳೀತಿದ್ವಿ, ಕೆಳಗ ಕೆಮ್ಮಣ್ಣ. ನೀಲಿ ಇದ್ದದ್ದು ಸಿದ್ದವ್ವನ ಮನಿ."

ಸಿದ್ದವ್ವ ಕೂಡಲೇ ಹಲ್ಲು ತೆಗೆದು ಸೆರಗಿಗೆ ಕಟ್ಟಿಕೊಂಡಳು. "ಅಯ್ಯ, ನಮ್ಮದು ಎಲ್ಲಿ ನೀಲಿ? ನಮ್ಮದು ಹಳದಿ. ನೀಲಿ ಸಾಲೀ ಬಾಗಲಾ."

"ಸಾಲೀ ಬಾಗಲಾ ಹಸರ ಇತ್ತು!"

"ಹಸರ ಮಾಡಿದ್ದು ಹಿಂದಿಂದ!"

ಇಬ್ಬರೂ ಶಾಲೆಯಿಂದ ಹಿಡಿದು ಇಲ್ಲದ ಊರಿನ ಒಂದೊಂದೇ ಬಾಗಿಲಿಗೆ ಬಣ್ಣ ಬಳಿಯುತ್ತ, ಅಳಿಸುತ್ತ, ಮತ್ತೆ ಬಳಿಯುತ್ತ ಜಗಳವಾಡಿದರು. ಜಗಳ ನಗೆಯಾಯಿತು. ಶಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಜಾಮುದ್ದೀನರು ನಗಲಿಲ್ಲ. ಸ್ವಲ್ಪ ದೂರ ನಡೆದುಹೋಗಿ ನೀರಿನ ಕಡೆ ಮುಖ ಮಾಡಿ ನಿಂತರು. ನಾನು ಹತ್ತಿರ ಹೋದೆ.

"ಇಪ್ಪತ್ತು ವರ್ಷದಿಂದ ನೀಲಿ ಮನಿ ನೆನಸ್ಕೊಂಡು ಬಂದೇನ್ರಿ ಮೇಡಂ," ಎಂದರು ಮೆಲ್ಲಗೆ. "ಬಸ್ಸಿನ್ಯಾಗ ಕಣ್ಣ ಮುಚ್ಚಿದ್ರ ನೀಲಿ ಕಾಣಸ್ತಿತ್ತು. ಹುಟ್ಟಿ ಬೆಳದ ಮನಿ. ಅದ ನನಗ ಗೊತ್ತಿಲ್ಲ."

ಬಿಸಿಲಿನ ಝಳದಲ್ಲಿ ಒಂದು ಮೀನುಗಾರರ ದೋಣಿ ನೀರಿನ ಮೇಲಿಂದ ಒಂದು ಗೇಣು ಎತ್ತರಕ್ಕೆ ಎದ್ದು ನಿಂತ ಹಾಗೆ ಕಂಡಿತು. ಇಬ್ಬರೂ ಅದನ್ನೇ ನೋಡಿದೆವು. ಅದು ಮೆಲ್ಲಗೆ ಜರುಗಿ ಬಿಳಿಯೊಳಗೆ ಸೇರಿಕೊಂಡಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಸೈದಾಬಿ ಮಾತಾಡಿದರು. ಯಾರ ಮನೆ ಯಾರಿಗೆ ಒತ್ತಿಕೊಂಡಿತ್ತು, ಯಾರ ಎಮ್ಮೆ ಯಾರ ಹಿತ್ತಲಿಗೆ ನುಗ್ಗುತ್ತಿತ್ತು, ಮದುವೆಯಾಗಿ ಬಂದ ಹೊಸತರಲ್ಲಿ ಹೊಳೆಗೆ ಬಿದ್ದ ಕೊಡ ಹೇಗೆ ಸಿಕ್ಕಿತು. ಶಮಾ ಇಪ್ಪತ್ತು ವರ್ಷ ಸೊಸೆಯಾಗಿದ್ದೂ ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳು ಅತ್ತೆಯ ಕಡೆ ತಿರುಗಿ ಕೂತು, ಮಧ್ಯೆ ಮಧ್ಯೆ "ಆಮ್ಯಾಲ?" ಎನ್ನುತ್ತಿದ್ದಳು.

ಮುಂದಿನ ಎರಡು ಗುರುವಾರ ನಿಜಾಮುದ್ದೀನರು ಕಾರಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಮೂರನೆಯ ವಾರ ಅವರು ಬಂದು ಕೂತು, ತಾವಾಗಿಯೇ ಹೇಳಿದರು.

ಒಂದು ಮಧ್ಯಾಹ್ನ ಬಣ್ಣದ ಸಣ್ಣ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುತ್ತಿದ್ದರಂತೆ. ತಾಯಿ ಬಂದು, "ಇನ್ನೂ ಹಚ್ಚಲಿಲ್ಲೇನು?" ಎಂದರು. ಖರೆ ಬಣ್ಣ ಯಾವುದೆಂದು ಯಾರಿಗೂ ಗೊತ್ತಿಲ್ಲ ಎಂದು ಇವರು ಹೇಳಿದರು. ತಾಯಿ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕಿಟಕಿಗೆ ಹಿಡಿದರು. ಬೆಳ್ಳಿ ಬಣ್ಣವನ್ನು ಕೆಳಗಿಟ್ಟರು, ಬೂದು ಬಣ್ಣವನ್ನು ಕೆಳಗಿಟ್ಟರು, ನೀಲಿಯನ್ನೂ ಕೆಳಗಿಟ್ಟರು.

"ಇದು ಹಸರ ಏನೋ?"

"ಹೌದವ್ವ."

"ಇದ ಹಚ್ಚು. ನನಗ ಈಗ ಹಸರ ಒಂದ ಛಲೋ ಕಾಣಸ್ತೈತಿ."

"ಅಷ್ಟ ನೋಡ್ರಿ," ಎಂದರು ನಿಜಾಮುದ್ದೀನರು ನನಗೆ. "ಗುಂಪಿನ್ಯಾಗ ಒಬ್ಬಾತ ಹಸರ ಅಂದಿದ್ದ. ಇರಬಹುದು, ಇಲ್ಲದಿರಬಹುದು. ಹಚ್ಚಿಬಿಟ್ಟೆ."

ಸೋಪಿನ ಪೆಟ್ಟಿಗೆ ಬಿಚ್ಚಿದರು. ತಿಳಿ ಹಸಿರು, ಮಳೆ ಬಿದ್ದ ನಾಲ್ಕನೆಯ ದಿನ ಎರೆಹೊಲದಲ್ಲಿ ಮೇಲೇಳುವ ಮೊಳಕೆಯ ಹಸಿರು. ಮಟ್ಟಸವಾದ ಮೈ, ಗಾಳಿಯಲ್ಲಿ ಚಾಚಿದ ಛಾವಣಿ, ಒಳಗೆ ಅಕ್ಕಿಯ ಕಾಳಿನಷ್ಟು ಸ್ಟೀರಿಂಗು. ಎಲ್ಲಿಗೂ ಹೋಗಬೇಕಾಗಿಲ್ಲದ ಕಾರಿನ ನೆಮ್ಮದಿ ಅದರಲ್ಲಿತ್ತು. ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದ ತಾಳಿಕೋಟೆಯ ರೋಗಿಯೊಬ್ಬರು ಎದ್ದು ಬಂದು ನೋಡಿ, ಯಾವ ಕಂಪನಿಯದು, ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿದರು.

ಫೋಟೊ ಗುಂಪಿಗೆ ಹೋಯಿತು. ಪುಣೆಯವರು ಅದಕ್ಕೆ ಬದಲಾಗಿ ತಮ್ಮ ಕಪಾಟಿನ ಯಾವ ಮೂರು ಬೇಕಾದರೂ ಕೊಡುತ್ತೇನೆಂದು ಬರೆದರು. ಒಬ್ಬರು ಹಸಿರು ತಪ್ಪು, ಬೆಳ್ಳಿಯೇ ಸರಿ ಎಂದು ಉದ್ದಕ್ಕೆ ವಾದಿಸಿದರು. ನಿಜಾಮುದ್ದೀನರು ಇಬ್ಬರಿಗೂ ವಂದನೆ ತಿಳಿಸಿ ಸುಮ್ಮನಾದರು. ಕಾರು ಕಪಾಟಿಗೂ ಹೋಗಲಿಲ್ಲ. ಸೈದಾಬಿ ಕೂರುವ ಕಿಟಕಿಯ ಗೂಡಿನಲ್ಲಿ, ಅವರ ಎಲೆಅಡಿಕೆಯ ಡಬ್ಬಿ, ತಸ್ಬಿಯ ಮಣಿಸರದ ಪಕ್ಕದಲ್ಲಿ ಅದರ ಜಾಗ. ಓಣಿಯ ಹೆಂಗಸರು ಬಂದರೆ ಅದನ್ನು ಕೈಗೆ ಕೊಟ್ಟು, ಹಡಗು ಹೇಗೆ ಮಂಜಿನಲ್ಲಿ ಬಂತು ಎಂಬಲ್ಲಿಂದ ಶುರುಮಾಡಿ, ಎಲ್ಲಿಯೋ ದಾಟಿಕೊಂಡು ಮಡುಗಡ್ಡಿಯ ಬಾವಿಯ ಹತ್ತಿರ ಬಂದು ನಿಲ್ಲುತ್ತಾರೆ. ಕೇಳುವವರಿಗೆ ಎರಡು ಕಥೆ ಬೇರೆ ಬೇರೆ ಎಂದು ಗೊತ್ತಾಗುವುದೇ ಇಲ್ಲ ಎಂದು ಶಮಾ ಹೇಳುತ್ತಾಳೆ.

ಮೊನ್ನೆ ಗುರುವಾರ ನಿಜಾಮುದ್ದೀನರು ಮತ್ತೆ ಒಂದು ಕಾಗದ ತಂದಿದ್ದರು. ಫೋರ್ಡ್ ಕಂಪನಿಯ ನ್ಯೂಕ್ಲಿಯಾನ್ ಎಂಬ ಕಾರು. ಹಿಂದುಗಡೆ ಪುಟ್ಟ ಅಣುಸ್ಥಾವರ ಇಟ್ಟುಕೊಂಡು ಓಡಬೇಕೆಂದು ಐವತ್ತರ ದಶಕದ ಕೊನೆಯಲ್ಲಿ ಕನಸು ಕಂಡಿದ್ದರಂತೆ. ನಾನು ಓದಿ ಹೇಳಿದೆ. ಅದನ್ನು ಪೂರ್ತಿ ಗಾತ್ರದಲ್ಲಿ ಯಾರೂ ಮಾಡಲೇ ಇಲ್ಲ, ಮಾಡಿದ್ದು ಸಣ್ಣ ಅಳತೆಯ ಮಾದರಿಯನ್ನಷ್ಟೇ.

"ಅಂದ್ರ ದೊಡ್ಡದು ಹುಟ್ಟೇ ಇಲ್ರಿ?"

"ಇಲ್ಲ. ಸಣ್ಣದ ಖರೇದು."

ಅವರ ಮುಖ ಅರಳಿತು. ಜೇಬಿನಿಂದ ಪೆನ್ಸಿಲ್ ತೆಗೆದು, ಕಾಗದವನ್ನು ನನ್ನ ಮೇಜಿನ ಮೇಲೆ ಹರವಿ, "ಹಂಗಾರ ಗಾಲಿಯಿಂದ ಗಾಲಿಗೆ ಎಷ್ಟು ಅಂತ ಬರ್ದಾರ, ಅದನ್ನ ಇನ್ನೊಮ್ಮೆ ಓದ್ರಿ," ಎಂದರು.